ಮುಂಗಾಜಿಗೆ ನೀರು ಬಾರದಾಗ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನ ದಾರಿಯೆಂದರೆ ಕಾತ್ರಜ್ ದಾಟಿ, ಖಂಬಾಟ್ಕಿ ಘಾಟ್ ಹತ್ತಿಳಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ಮೇಲೆ ಬೆಳಗಾವಿ ಸೇರುವ ಹೆದ್ದಾರಿ. ಜೂನ್ ತಿಂಗಳ ಆರಂಭದಲ್ಲಿ ಈ ದಾರಿ ಕಷ್ಟ ಕೊಡುತ್ತದೆ. ಧಾರಾಕಾರ ಮಳೆಯಾದರೆ ಗಾಜು ತಾನಾಗಿಯೇ ತೊಳೆದುಕೊಳ್ಳುತ್ತದೆ. ಜಿಟಿಜಿಟಿ ಮಳೆ ಹಾಗಲ್ಲ. ಬೇಸಿಗೆಯಿಡೀ ರಸ್ತೆಯಲ್ಲಿ ಕೂತಿದ್ದ ಧೂಳು, ಟೈರಿನ ಪುಡಿ, ಡೀಸೆಲ್ಲಿನ ಮಸಿ ಎಲ್ಲ ಆ ತೆಳು ನೀರಿನಲ್ಲಿ ಕಲಸಿಕೊಂಡು ಮುಂದಿನ ಲಾರಿಯ ಚಕ್ರದಿಂದ ನಮ್ಮ ಮುಂಗಾಜಿಗೆ ಎರಚುತ್ತವೆ. ವೈಪರ್ ಹಾಕಿದರೆ ಕೆಸರು ಹೋಗುವ ಬದಲು ಗಾಜಿನಗಲಕ್ಕೂ ಬಳಿದುಕೊಳ್ಳುತ್ತದೆ. ಆಗ ಸ್ಟಿಯರಿಂಗ್ ಪಕ್ಕದ ಲಿವರ್ ಎಳೆಯುತ್ತೇವೆ. ನೀರು ಬರುವುದಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಗಾಜು ತಿಳಿಯಾಗಲು ಮೂರು ಸೆಕೆಂಡ್ ತಡವಾಯಿತೆಂದರೆ 66 ಮೀಟರ್ ದೂರವನ್ನು ಅರೆಗುರುಡಾಗಿ ಓಡಿಸಿದಂತೆ. ಹಾಗಾಗಿ ವಾಷರ್ ಪಂಪನ್ನು ಕಾರಿನ ಚಿಲ್ಲರೆ ಸಾಮಾನುಗಳ ಪಟ್ಟಿಗೆ ಸೇರಿಸಬಾರದು. ಅದು ಬ್ರೇಕಿನ ಜೊತೆ, ಹೆಡ್‌ಲೈಟಿನ ಜೊತೆ ಎಣಿಸಬೇಕಾದ ಸುರಕ್ಷತೆಯ ಭಾಗ. ಸಂತೋಷದ ವಿಷಯವೆಂದರೆ, ಕಾರಿನಲ್ಲಿ ಕೆಡುವ ಭಾಗಗಳ ಪೈಕಿ ಮನೆಯ ಅಂಗಳದಲ್ಲೇ ಪರೀಕ್ಷಿಸಿ, ನಮ್ಮ ಕೈಯಿಂದಲೇ ಬದಲಾಯಿಸಬಹುದಾದದ್ದು ಇದು. ಒಂದಿಷ್ಟು ಭೌತವಿಜ್ಞಾನ ಗೊತ್ತಿದ್ದರೆ ದೋಷ ಎಲ್ಲಿದೆಯೆಂದು ಬಿಚ್ಚುವ ಮೊದಲೇ ಹೇಳಬಹುದು.

ಕಪ್ಪುಗಲ್ಲಿನ ಧೂಳು

ಗಾಜಿಗೆ ನೀರು ಯಾಕೆ ಬೇಕು? ಒಣ ವೈಪರ್ ಸಾಲದೆ? ಇದಕ್ಕೆ ಉತ್ತರ ಪುಣೆಯ ನೆಲದಲ್ಲೇ ಇದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಪದರವಾಗಿ ಗಟ್ಟಿಯಾಗಿ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಆಯಿತು. ಪುಣೆ ಕೂತಿರುವುದು ಈ ಬಂಡೆಯ ಮೇಲೆ. ವಾಘೋಲಿಯಂಥ ಕಡೆಗಳ ಕಲ್ಲುಗಣಿಗಳಿಂದ ಬರುವ ಜಲ್ಲಿಯೂ, ಜಲ್ಲಿಯನ್ನು ಇನ್ನಷ್ಟು ಪುಡಿಮಾಡಿದ ಎಂ-ಸ್ಯಾಂಡೂ ಊರಿನ ಕಟ್ಟಡಗಳಿಗೆಲ್ಲ ಬಳಕೆಯಾಗುತ್ತವೆ. ಅದರ ಧೂಳು ಫೆಬ್ರುವರಿಯಿಂದ ಮೇ ತನಕ ಗಾಳಿಯಲ್ಲಿ ತೇಲಿ ನಿಂತ ಕಾರುಗಳ ಮೇಲೆ ಇಳಿಯುತ್ತದೆ. ಬಸಾಲ್ಟಿನ ಮುಖ್ಯ ಖನಿಜಗಳಲ್ಲೊಂದು ಫೆಲ್ಡ್‌ಸ್ಪಾರ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 6. ಸಾಮಾನ್ಯ ಗಾಜಿನದು ಸುಮಾರು 5.5. ಗಡಸು ವಸ್ತು ಮೆದು ವಸ್ತುವನ್ನು ಗೀರುತ್ತದೆ, ಅಷ್ಟೇ ನಿಯಮ. ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ಅದರ ರಬ್ಬರಿನ ಅಂಚಿನಡಿ ಸಿಕ್ಕಿಕೊಂಡ ಕಣಗಳು ಗಾಜನ್ನು ಕಮಾನಿನಾಕಾರದಲ್ಲಿ ಗೀಚುತ್ತವೆ.

ಹಗಲಿನಲ್ಲಿ ಆ ಗೀರುಗಳು ಕಾಣುವುದಿಲ್ಲ. ರಾತ್ರಿ ಎದುರು ಬರುವ ವಾಹನದ ಬೆಳಕು ಬಿದ್ದಾಗ ಒಂದೊಂದು ಗೀರೂ ಬೆಳಕನ್ನು ಚದುರಿಸುತ್ತದೆ. ಗಾಜಿನ ಮೇಲಿನ ಧೂಳಿನ ಪದರವೂ ಇದನ್ನೇ ಮಾಡುತ್ತದೆ. ಚದುರಿದ ಬೆಳಕಿನ ಹೆಚ್ಚಿನ ಪಾಲು ಮುಂದಕ್ಕೆ, ಅಂದರೆ ಚಾಲಕನ ಕಣ್ಣಿನ ಕಡೆಗೇ ಬರುವುದರಿಂದ ರಸ್ತೆ ದಾಟುವವನ ಆಕಾರ ಆ ಪ್ರಖರತೆಯಲ್ಲಿ ಮುಳುಗಿಹೋಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂಗಾಜು ಕನಿಷ್ಠ ಶೇಕಡ 70ರಷ್ಟು ಬೆಳಕನ್ನು ಒಳಗೆ ಬಿಡಬೇಕು. ಕಾರ್ಖಾನೆ ಆ ಗಾಜು ಕೊಡುತ್ತದೆ. ಅದನ್ನು ಹಾಗೆಯೇ ಉಳಿಸುವುದು ನೀರಿನ ಕೆಲಸ. ನೀರು ಕಣಗಳನ್ನು ಗಾಜಿನಿಂದ ಸಡಿಲಿಸುತ್ತದೆ, ತೇಲಿಸಿ ಒಯ್ಯುತ್ತದೆ, ರಬ್ಬರಿಗೂ ಗಾಜಿಗೂ ನಡುವೆ ನಿಂತು ಉಜ್ಜಾಟ ತಗ್ಗಿಸುತ್ತದೆ.

ಗುರ್ಲಹೊಸೂರಿನವರ ಪಂಪು

ಬಂಪರಿನ ಹಿಂದೆ ಅಡಗಿ ಕೂತ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪಂಪು ಯಾವ ತತ್ವದ ಮೇಲೆ ನಡೆಯುತ್ತದೋ ಅದೇ ತತ್ವದ ಮೇಲೆ ಕೃಷ್ಣಾ ತೀರದ ಕಬ್ಬಿನ ಗದ್ದೆಗಳಿಗೆ ನೀರೆತ್ತುವ ಪಂಪೂ ನಡೆಯುತ್ತದೆ. ಆ ದೊಡ್ಡ ಪಂಪಿನ ಕತೆಗೆ ಪುಣೆಯೂ ಬೆಳಗಾವಿಯೂ ಎರಡು ತುದಿ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ 1888ರಲ್ಲಿ ಶುರುವಾದ ಸೈಕಲ್ ಅಂಗಡಿಯಿಂದ ಅವರ ಉದ್ಯಮ ಬೆಳೆಯಿತು. ಆಮೇಲೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಬಂದವು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರ ನೆರವಿನಿಂದ 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. 1926ರಲ್ಲಿ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ದೇಶದಲ್ಲಿ ತಯಾರಾದ ಆ ಬಗೆಯ ಮೊದಲ ಪಂಪು ಅದೆಂದು ಹೆಸರಾಯಿತು. ಅದನ್ನು ಮಾಡಿದ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ಮುಖ್ಯ ಕಚೇರಿ ಇಂದು ಪುಣೆಯಲ್ಲಿದೆ.

ಆ ಪಂಪಿನೊಳಗೆ ಇರುವುದು ರೆಕ್ಕೆಗಳಿರುವ ಒಂದು ಚಕ್ರ, ಅಂದರೆ ಇಂಪೆಲ್ಲರ್, ಮತ್ತು ಅದರ ಸುತ್ತ ಶಂಖದಂತೆ ಅಗಲವಾಗುತ್ತ ಹೋಗುವ ಒಂದು ಕವಚ. ಚಕ್ರದ ನಡುವಿನ ಬಾಯಿಂದ ನೀರು ಒಳಬರುತ್ತದೆ, ರೆಕ್ಕೆಗಳು ಅದನ್ನು ಸುತ್ತಿಸಿ ಅಂಚಿನ ಕಡೆಗೆ ತಳ್ಳುತ್ತವೆ. ಹೊರಬಿದ್ದ ನೀರಿನ ವೇಗ ಅಗಲವಾಗುವ ಕವಚದಲ್ಲಿ ತಗ್ಗುತ್ತ ಒತ್ತಡವಾಗಿ ಬದಲಾಗುತ್ತದೆ. ಪಿಸ್ಟನ್ ಇಲ್ಲ, ತೆರೆದು ಮುಚ್ಚುವ ಕವಾಟ ಇಲ್ಲ. ಸವೆಯುವ ಭಾಗ ಕಡಿಮೆಯಿರುವುದೇ ಇದರ ಬಲ.

ಎಷ್ಟು ಒತ್ತಡ ಸಿಗುತ್ತದೆ? ಲೆಕ್ಕ ಹಾಕಿ ನೋಡೋಣ. ವಾಷರ್ ಪಂಪಿನ ಚಕ್ರದ ವ್ಯಾಸ 18 ಮಿಲಿಮೀಟರ್, ಅದು ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಎಂದು ಇಟ್ಟುಕೊಳ್ಳಿ. ಸೆಕೆಂಡಿಗೆ 200 ಸುತ್ತು. ಒಂದು ಸುತ್ತಿನ ಪರಿಧಿ 56.5 ಮಿಲಿಮೀಟರ್. ಹಾಗಾದರೆ ಚಕ್ರದ ಅಂಚು ಸೆಕೆಂಡಿಗೆ 11.3 ಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ ಮೇಲಕ್ಕೆ ಎಸೆದ ನೀರು ಎಷ್ಟು ಎತ್ತರ ಏರುತ್ತದೆಂದು ಕೇಳಿದರೆ ಉತ್ತರ ಸುಮಾರು 6.5 ಮೀಟರ್, ಅಂದರೆ ಎರಡಂತಸ್ತಿನ ಮನೆಯಷ್ಟು. ಆಟಿಕೆಯಷ್ಟು ಚಿಕ್ಕ ಯಂತ್ರಕ್ಕೆ ಇದು ದೊಡ್ಡ ಸಾಮರ್ಥ್ಯ.

ಈ ಲೆಕ್ಕದಲ್ಲಿ ನೆನಪಿಡಬೇಕಾದ ಅಂಶವೊಂದಿದೆ: ಒತ್ತಡ ವೇಗದ ವರ್ಗವನ್ನು ಅನುಸರಿಸುತ್ತದೆ. ಮೋಟಾರಿನ ವೇಗ ಅರ್ಧಕ್ಕಿಳಿದರೆ ಒತ್ತಡ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೋಟಾರು ತಿರುಗುತ್ತಿದ್ದರೂ ಗಾಜಿಗೆ ನೀರು ತಲುಪದೆ ಬಾನೆಟ್ಟಿನ ಮೇಲೆಯೇ ಸೋರುವ ಕಾರುಗಳು ಬಹಳ. ಅವುಗಳ ರೋಗದ ಗುಟ್ಟು ಎಷ್ಟೋ ಸಲ ಈ ವರ್ಗದಲ್ಲಿರುತ್ತದೆ.

ಗಾಳಿಯನ್ನು ಎತ್ತಲಾರದ ಯಂತ್ರ

ಬಾವಿಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟ ರೈತರಿಗೆಲ್ಲ ಒಂದು ಪದ್ಧತಿ ಗೊತ್ತು. ಚಾಲೂ ಮಾಡುವ ಮೊದಲು ಪಂಪಿನೊಳಗೂ ಪೈಪಿನೊಳಗೂ ಕೊಡದಿಂದ ನೀರು ಹೊಯ್ಯಬೇಕು. ಹೊಯ್ದ ನೀರು ಬಾವಿಗೆ ಇಳಿದು ಹೋಗದಿರಲಿ ಎಂದೇ ಪೈಪಿನ ಬುಡಕ್ಕೆ ಫುಟ್‌ವಾಲ್ವ್ ಹಾಕಿರುತ್ತಾರೆ. ಫುಟ್‌ವಾಲ್ವ್ ಸೋರಿದರೆ ಮೋಟಾರು ಎಷ್ಟು ಹೊತ್ತು ತಿರುಗಿದರೂ ನೀರು ಬರುವುದಿಲ್ಲ.

ಕಾರಣ ಸಾಂದ್ರತೆ. ಚಕ್ರ ಹುಟ್ಟಿಸುವ ಒತ್ತಡ ಅದರೊಳಗೆ ಏನಿದೆಯೋ ಅದರ ಸಾಂದ್ರತೆಗೆ ತಕ್ಕಷ್ಟೇ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.1 ಕಿಲೋಗ್ರಾಂ ಆಸುಪಾಸು. ಅಷ್ಟೇ ನೀರಿನ ತೂಕ 1,000 ಕಿಲೋಗ್ರಾಂ. ಒಳಗೆ ಬರೀ ಗಾಳಿಯಿದ್ದರೆ ಒತ್ತಡ ಸುಮಾರು ಒಂಬೈನೂರರಲ್ಲಿ ಒಂದು ಪಾಲಾಗುತ್ತದೆ. ಆರೂವರೆ ಮೀಟರ್ ನೀರೆತ್ತಬಲ್ಲ ಚಕ್ರ ಆಗ ಏಳು ಮಿಲಿಮೀಟರ್ ಕೂಡ ನೆಟ್ಟಗೆ ಎತ್ತಲಾರದು.

ಕಾರು ತಯಾರಕರು ಇದನ್ನು ಸುಲಭವಾಗಿ ಬಗೆಹರಿಸಿದ್ದಾರೆ. ಪಂಪನ್ನು ವಾಷರ್ ಬಾಟಲಿಯ ತಳದ ಬಳಿ ಒಂದು ರಬ್ಬರ್ ಬುಷ್‌ನಲ್ಲಿ ಸಿಕ್ಕಿಸಿರುತ್ತಾರೆ. ನೀರು ತನ್ನ ಭಾರದಿಂದಲೇ ಪಂಪಿನೊಳಗೆ ಇಳಿದು ನಿಲ್ಲುತ್ತದೆ. ಬಾನೆಟ್ಟಿನಡಿಯ ಪೈಪಿನಲ್ಲಿ ಚಿಕ್ಕದೊಂದು ಏಕಮುಖ ವಾಲ್ವ್ ಇರುವ ಕಾರುಗಳಲ್ಲಿ ಪೈಪಿನ ನೀರು ಹಿಂದಕ್ಕೆ ಇಳಿಯುವುದಿಲ್ಲ, ಲಿವರ್ ಎಳೆದ ತಕ್ಷಣ ನೀರು ಚಿಮ್ಮುತ್ತದೆ. ಚಿಮ್ಮಲು ಮೊದಲಿಗಿಂತ ತಡವಾಗುತ್ತಿದ್ದರೆ ಆ ವಾಲ್ವನ್ನೂ ಪೈಪಿನ ಕೀಲುಗಳನ್ನೂ ನೋಡಬೇಕು.

ಬಾಟಲಿಯಲ್ಲಿ ನೀರು ತಳ ಮುಟ್ಟಿದಾಗ ಪಂಪಿನ ಬಾಯಿಯ ಬಳಿ ಸುಳಿ ಹುಟ್ಟಿ ಗಾಳಿಯನ್ನೂ ಒಳಗೆಳೆಯುತ್ತದೆ, ನೀರು ಬಿಟ್ಟುಬಿಟ್ಟು ಕಾರುತ್ತದೆ. ದೊಡ್ಡ ಪಂಪುಗಳಿಗೂ ಈ ಸುಳಿಯೇ ಶತ್ರು. 1916ರಲ್ಲಿ ಸ್ಥಾಪನೆಯಾದ, ಪುಣೆಯ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ದೊಡ್ಡ ಪಂಪ್‌ಹೌಸುಗಳ ನೀರಿನ ತೊಟ್ಟಿಗಳನ್ನು ಚಿಕ್ಕ ಮಾದರಿಗಳಾಗಿ ಕಟ್ಟಿ, ಸುಳಿ ಏಳದಂತೆ ತೊಟ್ಟಿಯ ಆಕಾರವನ್ನು ಹೇಗೆ ತಿದ್ದಬೇಕೆಂದು ಪರೀಕ್ಷಿಸುತ್ತಾರೆ. ನೀರಿಲ್ಲದೆ ಪಂಪು ಓಡಿಸುವುದು ಇನ್ನೂ ಕೆಟ್ಟದ್ದು. ಒಳಗಿನ ಸೀಲಿಗೆ ತಂಪು ಕೊಡುವುದೂ ಜಾರಿಕೆ ಕೊಡುವುದೂ ನೀರೇ. ಒಣಗಿ ಓಡಿದ ಸೀಲ್ ಸವೆಯುತ್ತದೆ, ಮುಂದೆ ನೀರು ತುಂಬಿದಾಗ ಆ ಸೀಲಿನ ಮೂಲಕ ಮೋಟಾರಿನೊಳಗೆ ಜಿನುಗುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹತ್ತಿ, ಕಾರ್ಬನ್ ಬ್ರಷ್‌ಗಳು ಸಿಕ್ಕಿಕೊಂಡು ಮೋಟಾರು ನಿಲ್ಲುತ್ತದೆ. ಹೆಚ್ಚಿನ ವಾಷರ್ ಪಂಪುಗಳ ಕೊನೆ ಹೀಗೆಯೇ.

ಎರಡು ದಾರಿ ಕೂಡುವ ಜಾಗ

ಈಗ ಪತ್ತೆಯ ಕೆಲಸ. ಗಾಜಿಗೆ ನೀರು ಬರಬೇಕಾದರೆ ಎರಡು ದಾರಿಗಳು ತೆರೆದಿರಬೇಕು. ವಿದ್ಯುತ್ತಿನ ದಾರಿ ಬ್ಯಾಟರಿಯಿಂದ ಹೊರಟು ಫ್ಯೂಸ್, ಲಿವರಿನ ಸ್ವಿಚ್, ವೈರು, ಕನೆಕ್ಟರ್ ದಾಟಿ ಮೋಟಾರಿಗೆ ಬರುತ್ತದೆ. ನೀರಿನ ದಾರಿ ಬಾಟಲಿಯ ಜಾಲರಿಯಿಂದ ಹೊರಟು ಪಂಪು, ಪೈಪು, ವಾಲ್ವ್, ಪೈಪು ಕವಲೊಡೆಯುವ ಕೀಲು ದಾಟಿ ನಾಝಲ್‌ಗೆ ಹೋಗುತ್ತದೆ. ಇವೆರಡೂ ಕೂಡುವುದು ಮೋಟಾರಿನಲ್ಲಿ. ಆದ್ದರಿಂದ ಮೊದಲ ಪ್ರಶ್ನೆಯನ್ನು ಅಲ್ಲಿಯೇ ಕೇಳಬೇಕು: ಮೋಟಾರು ತಿರುಗುತ್ತಿದೆಯೆ? ಈ ಒಂದು ಪ್ರಶ್ನೆಯಿಂದ ಅನುಮಾನದ ಅರ್ಧ ಭಾಗ ಒಮ್ಮೆಗೇ ಕಳಚಿಹೋಗುತ್ತದೆ. ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗೆ ಓಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು.

ಬಾಟಲಿಗೆ ನೀರು ತುಂಬಿಸಿ. ಎಂಜಿನ್ ಆರಿಸಿ, ಕೀಲಿಯನ್ನು ಇಗ್ನಿಷನ್‌ಗೆ ತಿರುಗಿಸಿ. ಮನೆಯವರೊಬ್ಬರು ಒಳಗೆ ಕೂತು ಲಿವರ್ ಎಳೆಯಲಿ, ನೀವು ಬಂಪರಿನ ಬಳಿ ಕಿವಿಯಿಡಿ. ವೈಪರ್ ಮೋಟಾರಿನ ಸದ್ದು ಗಾಜಿನ ಬುಡದಿಂದ ಬರುತ್ತದೆ, ವಾಷರ್ ಪಂಪಿನದು ಕೆಳಗಿನಿಂದ, ಚಕ್ರದ ಮುಂಭಾಗದಿಂದ ಬರುವ ತೆಳುವಾದ ಗುಂಯ್‌ಗುಡುವಿಕೆ.

ಸದ್ದು ಬಂದರೆ ವಿದ್ಯುತ್ತಿನ ದಾರಿ ಬಹುಮಟ್ಟಿಗೆ ಸರಿಯಿದೆ. ನೀರಿನ ದಾರಿಯನ್ನು ಹಿಡಿಯಿರಿ. ಇಲ್ಲಿಯೂ ತುದಿಯಿಂದ ತುದಿಗೆ ಹುಡುಕುವುದಕ್ಕಿಂತ ನಡುವೆ ತುಂಡರಿಸುವುದು ಒಳ್ಳೆಯದು. ಬಾನೆಟ್ ಎತ್ತಿ, ನಾಝಲ್‌ಗೆ ಹೋಗುವ ಪೈಪನ್ನು ಕಳಚಿ ಲಿವರ್ ಎಳೆಸಿ. ಪೈಪಿನಿಂದ ನೀರು ಜೋರಾಗಿ ಬಂದರೆ ನಾಝಲ್ ಕಟ್ಟಿದೆ. ತೆಳುವಾದ ಸೂಜಿಯಿಂದ ಹೊರಗಿನ ರಂಧ್ರ ಬಿಡಿಸಿ, ಹೊರಗಿನಿಂದ ಒಳಕ್ಕೆ ನೀರು ಹಾಯಿಸಿದರೆ ಕಸ ಬಂದ ದಾರಿಯಲ್ಲೇ ವಾಪಸು ಬೀಳುತ್ತದೆ. ಪೈಪಿನಲ್ಲೂ ನೀರಿಲ್ಲದಿದ್ದರೆ ಬಾನೆಟ್ಟಿನ ಹಿಂಜಿನ ಬಳಿ ಪೈಪು ಮಡಚಿದೆಯೇ, ಕೀಲು ಕಳಚಿದೆಯೇ ನೋಡಿ. ಅಪಾರ್ಟ್‌ಮೆಂಟುಗಳ ಕೆಳಮಹಡಿಯಲ್ಲಿ ನಿಲ್ಲುವ ಕಾರುಗಳ ಪೈಪುಗಳನ್ನು ಇಲಿ ಕಡಿಯುವುದೂ ಸಾಮಾನ್ಯ. ಪಂಪಿನ ಬಾಯಲ್ಲೇ ನೀರಿಲ್ಲ, ಆದರೆ ಸದ್ದಿದೆ ಎಂದಾದರೆ ಜಾಲರಿ ಕಟ್ಟಿರಬೇಕು, ಇಲ್ಲವೇ ಇಂಪೆಲ್ಲರ್ ಕಳಚಿ ಮೋಟಾರಿನ ದಂಡ ಬರಿದೇ ತಿರುಗುತ್ತಿರಬೇಕು.

ಹಿಂದಿನ ಗಾಜಿಗೂ ವೈಪರ್ ಇರುವ ಕಾರುಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಇಂಥ ಬಹಳಷ್ಟು ಕಾರುಗಳಲ್ಲಿ ಒಂದೇ ಪಂಪಿಗೆ ಎರಡು ಬಾಯಿ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಚಕ್ರ ಒಂದು ಕಡೆ ತಿರುಗಿ ಮುಂಗಾಜಿಗೆ ನೀರು ಕಳಿಸುತ್ತದೆ, ವಿರುದ್ಧ ದಿಕ್ಕಿನಲ್ಲಿ ಹರಿದರೆ ಹಿಂದಿನ ಗಾಜಿಗೆ. ನಡುವಿನ ಚಿಕ್ಕ ರಬ್ಬರ್ ಪರದೆ ಒತ್ತಡ ಕಡಿಮೆಯಿರುವ ಬಾಯಿಯನ್ನು ಮುಚ್ಚುತ್ತದೆ. ಹಾಗಾಗಿ ಹಿಂದೆ ನೀರು ಬಂದು ಮುಂದೆ ಬರದಿದ್ದರೆ ಮೋಟಾರು ಸತ್ತಿಲ್ಲ. ಮುಂದಿನ ಪೈಪು, ಸ್ವಿಚ್ಚಿನ ಆ ಒಂದು ಸಂಪರ್ಕ ಅಥವಾ ಆ ಪರದೆಯಲ್ಲಿ ದೋಷವಿದೆ.

ಮೀಟರು ತೋರಿಸುವ 12 ವೋಲ್ಟ್

ಸದ್ದೇ ಇಲ್ಲವಾದರೆ ವಿದ್ಯುತ್ತಿನ ದಾರಿ. ಮೊದಲು ಫ್ಯೂಸ್. ಯಾವ ಫ್ಯೂಸ್ ಎಂದು ಕಾರಿನ ಕೈಪಿಡಿಯಲ್ಲೂ ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲೂ ಇರುತ್ತದೆ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಅದೂ ಸುಟ್ಟರೆ ಪಂಪು ಸಿಕ್ಕಿಕೊಂಡು ಹೆಚ್ಚು ವಿದ್ಯುತ್ತು ಎಳೆಯುತ್ತಿದೆ ಅಥವಾ ವೈರು ಎಲ್ಲೋ ತಾಗಿದೆ. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರು.

ಫ್ಯೂಸ್ ಸರಿಯಿದ್ದರೆ ಪಂಪಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಸಂಪರ್ಕಗಳಿಗೆ ಮುಟ್ಟಿಸಿ, ಲಿವರ್ ಎಳೆಸಿ. ಏನೂ ತೋರದಿದ್ದರೆ ದೋಷ ಸ್ವಿಚ್, ವೈರು ಅಥವಾ ಅರ್ತಿಂಗ್‌ನಲ್ಲಿದೆ, ಹೊಸ ಪಂಪಿನಿಂದ ಪ್ರಯೋಜನವಿಲ್ಲ. 12 ವೋಲ್ಟ್ ತೋರಿದರೆ ಪಂಪು ಕೆಟ್ಟಿದೆ ಎಂದು ಹೆಚ್ಚಿನವರು ತೀರ್ಮಾನಿಸುತ್ತಾರೆ. ಇಲ್ಲಿ ಒಂದು ನಿಮಿಷ ನಿಲ್ಲಬೇಕು.

ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ಅದರ ಮೂಲಕ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ವಿದ್ಯುತ್ತು. ಮಳೆನೀರು ಕುಡಿದು ಕಿಲುಬು ಹಿಡಿದ ಕನೆಕ್ಟರಿನಲ್ಲಿ ಒಂದು ಓಮ್ ರೋಧ ಹುಟ್ಟಿದೆ ಎಂದುಕೊಳ್ಳಿ. ಅಷ್ಟು ಸಣ್ಣ ಪ್ರವಾಹಕ್ಕೆ ಅದು ಅಡ್ಡಿಯೇ ಅಲ್ಲ, ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಆದರೆ ಪಂಪು ಎಳೆಯುವುದು 3 ಆಂಪಿಯರ್ ಎಂದಾದರೆ ಅದೇ ಕಿಲುಬಿನಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಮೋಟಾರಿಗೆ ಉಳಿಯುವುದು 9. ವೇಗ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ, ಒತ್ತಡ ಮುಕ್ಕಾಲಿನ ವರ್ಗಕ್ಕೆ, ಅಂದರೆ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಮೋಟಾರು ಗುಂಯ್ ಎನ್ನುತ್ತದೆ, ನೀರು ಮಾತ್ರ ಗಾಜು ಮುಟ್ಟುವುದಿಲ್ಲ. ಕಳೆದುಹೋದ 9 ವಾಟ್ ಶಕ್ತಿ ಆ ಪುಟ್ಟ ಕನೆಕ್ಟರಿನಲ್ಲಿ ಶಾಖವಾಗಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ರೋಧ ಇನ್ನೂ ಹೆಚ್ಚಾದರೆ ಮೋಟಾರು ಅಲುಗುವುದೂ ಇಲ್ಲ.

ಹೀಗಾಗಿ ಭಾರ ಹೊತ್ತಿರುವಾಗಲೇ ಅಳೆಯಬೇಕು. ಕನೆಕ್ಟರನ್ನು ಪಂಪಿಗೆ ಸಿಕ್ಕಿಸಿಯೇ, ಹಿಂಬದಿಯಿಂದ ತೆಳು ಕಡ್ಡಿ ತೂರಿಸಿ ವೋಲ್ಟೇಜ್ ನೋಡಬಹುದು. ಇಲ್ಲದಿದ್ದರೆ ಗ್ಯಾರೇಜಿನವರು ಬಳಸುವ ಟೆಸ್ಟ್ ಲ್ಯಾಂಪ್ ಹಾಕಬಹುದು. ಅದರೊಳಗಿನ 21 ವಾಟಿನ ಇಂಡಿಕೇಟರ್ ಬಲ್ಬು ಪೂರ್ತಿ ಬೆಳಗಲು ಸುಮಾರು ಎರಡು ಆಂಪಿಯರ್ ಬೇಕು. ಮಂದವಾಗಿ ಉರಿದರೆ ದಾರಿಯಲ್ಲಿ ಕಿಲುಬಿದೆ. ಸಂಪರ್ಕಗಳನ್ನು ಸ್ವಚ್ಛ ಮಾಡಿದರೆ ಹಳೆಯ ಪಂಪೇ ಮತ್ತೆ ಚಿಮ್ಮಿಸುತ್ತದೆ. ಪ್ರಖರವಾಗಿ ಉರಿದೂ ಪಂಪು ಮೌನವಾಗಿದ್ದರೆ ಆಗ ಧೈರ್ಯವಾಗಿ ಹೇಳಬಹುದು: ಪಂಪು ಕೆಟ್ಟಿದೆ.

ಬಿಚ್ಚಿ ಕೂರಿಸುವ ಬಗೆ

ಹೊಸ ಪಂಪು ಕೊಳ್ಳುವಾಗ ಹಳೆಯದರ ಬಾಯಿಗಳ ಸಂಖ್ಯೆ, ಕನೆಕ್ಟರಿನ ಆಕಾರ, ಬಾಟಲಿಯೊಳಗೆ ಹೋಗುವ ಕೊಳವೆಯ ದಪ್ಪ ಹೋಲಿಸಿ ನೋಡಿ. ರಬ್ಬರ್ ಬುಷ್ ಕೂಡ ಹೊಸದೇ ಇರಲಿ. ಪಂಪಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ, ಸೋರಿಕೆ ತಡೆಯುವುದು ಮಾತ್ರ ಅದೇ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಇಗ್ನಿಷನ್ ಆರಿಸಿ, ವಾಷರಿನ ಫ್ಯೂಸ್ ತೆಗೆದಿಡಿ. ಅನೇಕ ಕಾರುಗಳಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಮುಂಭಾಗದ ಕ್ಲಿಪ್ಪುಗಳನ್ನು ತೆಗೆದು ಮಡಚಿದರೆ ಬಾಟಲಿಯ ಬುಡ ಕಾಣುತ್ತದೆ. ಕೆಲವದರಲ್ಲಿ ಬಂಪರನ್ನೇ ಸಡಿಲಿಸಬೇಕಾಗುತ್ತದೆ. ಚಕ್ರ ಬಿಚ್ಚಬೇಕಾಗಿ ಬಂದರೆ ಕಾರನ್ನು ಜಾಕಿನ ಮೇಲಷ್ಟೇ ಬಿಟ್ಟು ಅದರಡಿ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಜಾಕ್ ಜಾರುತ್ತದೆ. ಭಾರ ಹೊರಲು ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನ ಜಾಲಕ್ಕೆ ಸೇರಿದ್ದು.

ಕೆಳಗೆ ಬಕೆಟ್ ಇಡಿ. ಪಂಪು ಕಳಚಿದ ಕ್ಷಣ ಬಾಟಲಿಯ ನೀರೆಲ್ಲ ಅದೇ ರಂಧ್ರದಿಂದ ಸುರಿಯುತ್ತದೆ. ಕನೆಕ್ಟರಿನ ಬೀಗವನ್ನು ಒತ್ತಿ ಬಿಡಿಸಿ, ವೈರು ಹಿಡಿದು ಎಳೆಯಬೇಡಿ. ಹಳೆಯ ಪೈಪು ಗಟ್ಟಿಯಾಗಿ ಅಂಟಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮೆದುವಾಗಿ ಬರುತ್ತದೆ. ಎರಡು ಪೈಪುಗಳಿದ್ದರೆ ಯಾವುದು ಯಾವ ಬಾಯಿಯದೆಂದು ಮೊದಲೇ ಗುರುತು ಹಾಕಿ. ಪಂಪಿನ ಮೇಲ್ಭಾಗವನ್ನು ಬಾಟಲಿಯಿಂದ ಹೊರಕ್ಕೆ ವಾಲಿಸಿ, ತಿರುವುತ್ತ ಎಳೆದರೆ ಬುಷ್‌ನಿಂದ ಕಳಚುತ್ತದೆ.

ರಂಧ್ರದ ಮೂಲಕ ಬಾಟಲಿಯ ತಳ ನೋಡಿ. ಪಾಚಿ, ಕೆಸರು ಇದ್ದರೆ ಶುದ್ಧ ನೀರು ಹೊಯ್ದು ಪೂರ್ತಿ ತೊಳೆಯಿರಿ. ಹಳೆಯ ಪಂಪನ್ನು ಕೊಂದದ್ದು ಆ ಕೆಸರೇ ಆಗಿದ್ದರೆ ಹೊಸದಕ್ಕೂ ಅದೇ ಗತಿ. ಹೊಸ ಬುಷ್ ಸಿಕ್ಕಿಸಿ, ಒಳಅಂಚಿಗೆ ಬರೀ ನೀರು ಸವರಿ ಪಂಪನ್ನು ಒತ್ತಿ ಕೂರಿಸಿ. ಎಂಜಿನ್ ಆಯಿಲ್, ಗ್ರೀಸ್ ಸವರಬೇಡಿ. ಖನಿಜ ತೈಲ ತಾಗಿದರೆ ಕೆಲವು ಬಗೆಯ ರಬ್ಬರು ಉಬ್ಬಿ ಆಕಾರ ಕಳೆದುಕೊಳ್ಳುತ್ತದೆ. ಪೈಪು, ಕನೆಕ್ಟರ್, ಫ್ಯೂಸ್ ಹಾಕಿ, ಹೊದಿಕೆ ಮುಚ್ಚುವ ಮೊದಲೇ ನೀರು ತುಂಬಿಸಿ ನೋಡಿ. ಮುಂದಿನ ಲಿವರಿಗೆ ಹಿಂದಿನ ಗಾಜಿನಲ್ಲಿ ನೀರು ಬಂದರೆ ಪೈಪುಗಳು ಅದಲುಬದಲಾಗಿವೆ. ಬುಷ್‌ನ ಸುತ್ತ ಒಣ ಕಾಗದ ಒತ್ತಿ ಹಿಡಿದು ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಎಲ್ಲ ಮುಚ್ಚಿ.

ಬಾಟಲಿಗೆ ಯಾವ ನೀರು

ಪುಣೆಯಲ್ಲಿ ಖಡಕ್‌ವಾಸ್ಲಾ ಜಲಾಶಯದಿಂದ ಬರುವ ನಲ್ಲಿ ನೀರು ಮಳೆಯಿಂದ ತುಂಬಿದ ಮೇಲ್ಮೈ ನೀರು, ಹೆಚ್ಚು ಗಡಸಲ್ಲ. ಊರು ಬೆಳೆದ ಅಂಚುಗಳಲ್ಲಿ ಮಾತ್ರ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಆಸರೆ. ಇಂಗಿದ ಮಳೆನೀರು ಬಸಾಲ್ಟಿನ ಬಿರುಕುಗಳಲ್ಲಿ ಇಳಿಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಅಂಥ ನೀರು ಬಿಸಿಲಿಗೆ ಕಾದ ಬಾನೆಟ್ಟಿನ ನಾಝಲ್‌ನಲ್ಲಿ ಹನಿಯಾಗಿ ನಿಂತು ಆವಿಯಾದಾಗ ಬಿಳಿ ಸುಣ್ಣದ ಕಲ್ಲು ಉಳಿಯುತ್ತದೆ. ರಂಧ್ರ ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ಒಂದೊಂದು ಹನಿಯ ಸುಣ್ಣವೂ ಸೇರಿ ಅದು ಮುಚ್ಚಿಹೋಗುತ್ತದೆ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಖನಿಜ ಬಹಳ ಕಡಿಮೆ. ಶುದ್ಧ ಬಟ್ಟೆಯಲ್ಲಿ ಸೋಸಿದರೆ ವಾಷರಿಗೆ ಅದು ಒಳ್ಳೆಯ ನೀರು.

ಬಟ್ಟೆಸೋಪಿನ ನೀರು ಹಾಕಬಾರದು. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸಾಬೂನು ಸೇರಿದರೆ ಕರಗದ ಗಸಿಯಾಗಿ ಜಾಲರಿ ಕಟ್ಟುತ್ತದೆ. ಪಾತ್ರೆ ತೊಳೆಯುವ ದ್ರವವೂ ಬೇಡ. ಅದರ ನೊರೆಯ ತುಂಬ ಗಾಳಿ, ಗಾಳಿ ಸೇರಿದ ಚಕ್ರದಲ್ಲಿ ಒತ್ತಡ ಹುಟ್ಟುವುದಿಲ್ಲ. ನೊರೆ ಕಡಿಮೆ ಬರುವಂತೆ ತಯಾರಿಸಿದ ವಾಷರ್ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿದರೆ ಎಣ್ಣೆಮಸಿಯೂ ಬಿಡುತ್ತದೆ, ಬಾಟಲಿಯಲ್ಲಿ ಪಾಚಿಯೂ ಬೆಳೆಯುವುದಿಲ್ಲ. ಇದರಲ್ಲಿ ಆರೋಗ್ಯದ ವಿಷಯವೂ ಸೇರಿದೆ. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆದು, ತುಂತುರಿನ ಮೂಲಕ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆ. ವಾಷರ್ ಬಾಟಲಿಗೆ ದ್ರವ ಬೆರೆಸದೆ ಬರೀ ನೀರು ತುಂಬಿಸುವ ಚಾಲಕರಲ್ಲಿ ಈ ರೋಗದ ಅಪಾಯ ಹೆಚ್ಚೆಂದು 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದರು. ಬಾಟಲಿಯಲ್ಲಿ ಹಳೆಯ ನೀರು ತಿಂಗಳುಗಟ್ಟಲೆ ಕೂರದಂತೆ ನೋಡಿಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು.

ಮೇ ತಿಂಗಳಲ್ಲಿ ಮಾಡಬೇಕಾದ ಕೆಲಸ

ಬೇಸಿಗೆಯಲ್ಲಿ ಎಷ್ಟೋ ಜನ ವಾಷರ್ ಮುಟ್ಟುವುದಿಲ್ಲ. ಪಂಪು ಕೆಟ್ಟದ್ದು ಗೊತ್ತಾಗುವುದು ಘಾಟಿನಲ್ಲಿ, ಲಾರಿಯ ಹಿಂದೆ, ಜೂನ್ ತಿಂಗಳ ಜಿನುಗಿನಲ್ಲಿ. ಅದಕ್ಕೆ ಮುಂಚೆ, ಮೇ ತಿಂಗಳ ಒಂದು ಬೆಳಗ್ಗೆ ಬಾಟಲಿ ಖಾಲಿ ಮಾಡಿ ತೊಳೆದು, ಹೊಸ ನೀರು ತುಂಬಿಸಿ, ನಾಝಲ್ ಬಿಡಿಸಿ, ವೈಪರಿನ ರಬ್ಬರು ಒರೆಸಿ, ಲಿವರ್ ಎಳೆದು ಚಿಮ್ಮು ಗಾಜಿನ ಎಲ್ಲಿಗೆ ಬೀಳುತ್ತದೆ ನೋಡಿ. ನಿಂತ ಕಾರಿನಲ್ಲಿ ಅದು ವೈಪರ್ ಆಡುವ ಜಾಗದ ಮಧ್ಯಕ್ಕಿಂತ ಸ್ವಲ್ಪ ಮೇಲೆ ಬಿದ್ದರೆ, ಓಡುವ ಕಾರಿನ ಎದುರುಗಾಳಿ ಅದನ್ನು ಕೆಳಗೆ ಒತ್ತಿದಾಗಲೂ ಕಣ್ಣಿನ ನೇರಕ್ಕೆ ಬೀಳುತ್ತದೆ.

ಬಂಪರ್ ಬಿಚ್ಚುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಪತ್ತೆ ಮಾಡುವುದು ಎಲ್ಲರಿಂದಲೂ ಸಾಧ್ಯ. ಗ್ಯಾರೇಜಿಗೆ ಹೋಗಿ “ವಾಷರ್ ಕೆಟ್ಟಿದೆ” ಎನ್ನುವ ಬದಲು “ಮೋಟಾರಿನ ಸದ್ದಿದೆ, ಪಂಪಿನ ಬಾಯಲ್ಲೂ ನೀರಿದೆ, ನಾಝಲ್‌ಗೆ ತಲುಪುತ್ತಿಲ್ಲ” ಎಂದು ಹೇಳಿ. ಇಲ್ಲವೇ “ಕನೆಕ್ಟರಿನಲ್ಲಿ ಟೆಸ್ಟ್ ಲ್ಯಾಂಪ್ ಜೋರಾಗಿ ಉರಿಯುತ್ತದೆ, ಪಂಪು ತಿರುಗುತ್ತಿಲ್ಲ” ಎಂದು ಹೇಳಿ. ಈ ಒಂದು ವಾಕ್ಯದಿಂದ ಮೆಕ್ಯಾನಿಕ್‌ನ ಗಂಟೆಗಳೂ ನಿಮ್ಮ ಹಣವೂ ಉಳಿಯುತ್ತವೆ, ಕೆಡದ ಭಾಗ ಕಸಕ್ಕೆ ಹೋಗುವುದೂ ತಪ್ಪುತ್ತದೆ. ಮನೆಯ ಮಾಳಿಗೆಗೆ ನೀರೆತ್ತುವ ಮೋಟಾರಿಗೂ, ಹೊಲದ ಪಂಪ್‌ಸೆಟ್ಟಿಗೂ ಪ್ರಶ್ನೆ ಕೇಳುವ ಕ್ರಮ ಇದೇ: ಎರಡು ದಾರಿಗಳು ಕೂಡುವ ಜಾಗಕ್ಕೆ ಮೊದಲು ಹೋಗಿ, ಚಕ್ರ ತಿರುಗುತ್ತಿದೆಯೇ ಎಂದು ಕೇಳಿಸಿಕೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.